ಬೆಟ್ಟದ ಸ್ನೋಮೊಬೈಲ್ ಆರಿಸುವುದು ಹೇಗೆ? ಪವರ್, ತೂಕ, ಹೊಸ ಫೀಚರ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಕ್ರಮ

ಸ್ನೋಮೊಬೈಲ್ ಕಂಪನಿಗಳ ಬ್ರೋಶರ್‌ಗಳನ್ನು ಒಟ್ಟಿಗೆ ಹರಡಿಕೊಂಡು ಕೂತರೆ ಮೊದಲ ಅರ್ಧ ಗಂಟೆಯಲ್ಲೇ ತಲೆ ಕೆಡುತ್ತದೆ. ಎಲ್ಲರದ್ದೂ ಅತಿ ಹಗುರ, ಎಲ್ಲರದ್ದೂ ಅತಿ ಬಲ. ಒಬ್ಬರು ಎಚ್‌ಪಿ ಲೆಕ್ಕ ಕೊಡುತ್ತಾರೆ, ಇನ್ನೊಬ್ಬರು "ಹಳೆಯದಕ್ಕಿಂತ ಇಷ್ಟು ಶೇಕಡಾ ಜಾಸ್ತಿ" ಎಂದಷ್ಟೇ ಹೇಳುತ್ತಾರೆ. ತೂಕ ಹೇಳುವಾಗ ಪೆಟ್ರೋಲ್ ಹಾಕದ ಗಾಡಿಯ ತೂಕ ಹೇಳುತ್ತಾರೆ. ಈ ಅಂಕಿಗಳು ಸುಳ್ಳಲ್ಲ. ಆದರೆ ನೀವು ಓಡಿಸುವ ಬೆಟ್ಟದ ಎತ್ತರಕ್ಕೆ, ನಿಮ್ಮ ಮೈತೂಕಕ್ಕೆ ತಂದು ನೋಡುವವರೆಗೆ ಅವುಗಳಿಂದ ನಿಮಗೆ ಉಪಯೋಗವಿಲ್ಲ. ಹಾಗೆ ತಂದು ನೋಡುವುದು ಕಷ್ಟವೂ ಅಲ್ಲ. ಒಂದು ಹಾಳೆ, ಒಂದು ಕ್ಯಾಲ್ಕುಲೇಟರ್ ಸಾಕು.

ಇದನ್ನು ಮುಖ್ಯವಾಗಿ ಕ್ಯಾಲ್ಗರಿ, ವ್ಯಾಂಕೂವರ್, ಸಿಯಾಟಲ್, ಡೆನ್ವರ್, ಸಾಲ್ಟ್ ಲೇಕ್ ಸಿಟಿ ಕಡೆ ನೆಲೆಸಿರುವ ಕನ್ನಡಿಗರಿಗಾಗಿ ಬರೆಯುತ್ತಿದ್ದೇನೆ. ಗುಲ್ಮಾರ್ಗ್‌ನಲ್ಲಿ ಬಾಡಿಗೆಗೆ ಸಿಗುವ ಸ್ನೋ ಸ್ಕೂಟರ್ ಮೇಲೆ ಕೂತು ಬಂದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅದು ಸವಾರಿಗೆ ಇಟ್ಟ ಗಾಡಿ, ತುಳಿದು ಗಟ್ಟಿಯಾದ ಹಿಮದ ಮೇಲೆ ಹೋಗುತ್ತದೆ. ಇಲ್ಲಿ ಹೇಳುತ್ತಿರುವ ಮೌಂಟನ್ ಸ್ಲೆಡ್ ಬೇರೆಯೇ ಜಾತಿ. ಸೊಂಟದವರೆಗೆ ಹೂತುಹೋಗುವ ಪುಡಿ ಹಿಮದಲ್ಲಿ, ಮರಗಳ ನಡುವೆ, ಕಡಿದಾದ ಏರಿನಲ್ಲಿ ಹತ್ತಲೆಂದೇ ಅದನ್ನು ಮಾಡಿರುತ್ತಾರೆ.

ಕಣದಲ್ಲಿ ಯಾರಿದ್ದಾರೆ

ಕೆನಡಾದ ಬಿಆರ್‌ಪಿ ಕಂಪನಿಯ ಸ್ಕೀ-ಡೂ ಸಮಿಟ್. ಅದೇ ಕಂಪನಿಯ ಇನ್ನೊಂದು ಬ್ರ್ಯಾಂಡ್, ಫಿನ್‌ಲೆಂಡ್‌ನ ರೊವಾನಿಯೆಮಿಯಲ್ಲಿ ತಯಾರಾಗುವ ಲಿಂಕ್ಸ್ ಶ್ರೆಡರ್. ಅಮೆರಿಕದ ಮಿನೆಸೋಟಾದಿಂದ ಪೊಲಾರಿಸ್ ಆರ್‌ಎಂಕೆ. ಆರ್‌ಎಂಕೆ ಎಂದರೆ ರಾಕಿ ಮೌಂಟನ್ ಕಿಂಗ್. ಅದೇ ಮಿನೆಸೋಟಾದ ಥೀಫ್ ರಿವರ್ ಫಾಲ್ಸ್ ಊರಿನಿಂದ ಆರ್ಕ್ಟಿಕ್ ಕ್ಯಾಟ್ ಎಂ ಸರಣಿ. ಯಮಹಾ ಈ ಆಟದಿಂದ ಹೊರಗೆ ಹೋಯಿತು. ಉತ್ತರ ಅಮೆರಿಕದಲ್ಲಿ 2025ರ ಮಾಡೆಲ್‌ಗಳೇ ತನ್ನ ಕೊನೆಯ ಸ್ನೋಮೊಬೈಲ್ ಎಂದು ಅದು 2023ರಲ್ಲೇ ಹೇಳಿತ್ತು.

ಈ ಗಾಡಿಗಳ ದೊಡ್ಡ ಎಂಜಿನ್‌ಗಳೆಲ್ಲ ಎರಡು ಸಿಲಿಂಡರ್‌ನ ಟೂ-ಸ್ಟ್ರೋಕ್. ಮೈಸೂರಿನಲ್ಲಿ ತಯಾರಾದ ಯೆಜ್ಡಿಯನ್ನು ಓಡಿಸಿದವರಿಗೆ ಇದರ ಮೂಲ ಗುಣ ಗೊತ್ತೇ ಇದೆ. ಭಾಗಗಳು ಕಡಿಮೆ, ತೂಕ ಕಡಿಮೆ, ಆಕ್ಸಿಲರೇಟರ್ ತಿರುಗಿಸಿದ ತಕ್ಷಣ ಎಳೆತ. ಒಂದು ದೊಡ್ಡ ವ್ಯತ್ಯಾಸ ಇದೆ. ಇಲ್ಲಿ ಪೆಟ್ರೋಲ್‌ಗೆ ಆಯಿಲ್ ಬೆರೆಸುವ ಕೆಲಸ ಇಲ್ಲ. ಆಯಿಲ್‌ಗೆ ಬೇರೆ ಟ್ಯಾಂಕ್ ಇರುತ್ತದೆ, ಎಷ್ಟು ಬೇಕೋ ಅಷ್ಟನ್ನು ಗಾಡಿಯೇ ಹಾಕಿಕೊಳ್ಳುತ್ತದೆ.

ಹೆಜ್ಜೆ 1: ನಿಮ್ಮ ಬೆಟ್ಟದ ಎತ್ತರ ಬರೆದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ವಾಯೊಮಿಂಗ್‌ನ ಟೊಗೊಟಿ ಪಾಸ್ ಸುಮಾರು 2,940 ಮೀಟರ್ ಎತ್ತರದಲ್ಲಿದೆ. ಮೊಂಟಾನಾದ ವೆಸ್ಟ್ ಯೆಲ್ಲೋಸ್ಟೋನ್ ಊರು ಸುಮಾರು 2,030 ಮೀಟರ್, ಕುಕ್ ಸಿಟಿ ಸುಮಾರು 2,300 ಮೀಟರ್. ಬ್ರಿಟಿಷ್ ಕೊಲಂಬಿಯಾದ ರೆವೆಲ್‌ಸ್ಟೋಕ್ ಊರು 500 ಮೀಟರ್‌ಗಿಂತ ಕೆಳಗೇ ಇದೆ, ಸವಾರಿ ಮಾಡುವ ಜಾಗಗಳು ಅಲ್ಲಿಂದ ತುಂಬಾ ಮೇಲಿವೆ. ಹಾಗಾಗಿ ಊರಿನ ಎತ್ತರ ಬರೆಯಬೇಡಿ. ದಿನದ ಹೆಚ್ಚು ಹೊತ್ತು ನೀವು ಇರುವ ಬಯಲು, ಬೌಲ್ (ಬೆಟ್ಟದ ಬಟ್ಟಲಿನಂಥ ತಗ್ಗು), ಕಾಡಿನ ಎತ್ತರ ಬರೆಯಿರಿ. ಫೋನಿನ ಮ್ಯಾಪ್‌ನಲ್ಲೇ ಸಿಗುತ್ತದೆ.

ಹೆಜ್ಜೆ 2: ಪವರ್ ಅನ್ನು ಆ ಎತ್ತರಕ್ಕೆ ತನ್ನಿ

ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಗಾಳಿ ಕಡಿಮೆಯಾದರೆ ಸುಡಲು ಆಮ್ಲಜನಕ ಕಡಿಮೆ, ಎಂಜಿನ್‌ನ ಬಲವೂ ಕಡಿಮೆ. ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಸಾವಿರ ಅಡಿಗೆ, ಅಂದರೆ ಸುಮಾರು 300 ಮೀಟರ್‌ಗೆ, ಶೇಕಡಾ 3ರಷ್ಟು ಪವರ್ ಕಳೆದುಕೊಳ್ಳುತ್ತದೆ ಎಂಬುದು ಎಲ್ಲರೂ ಬಳಸುವ ಅಂದಾಜು.

ಸ್ಕೀ-ಡೂದ 850 ಇ-ಟೆಕ್ ಎಂಜಿನ್ ತೆಗೆದುಕೊಳ್ಳಿ. 849 ಸಿಸಿ, ಕಂಪನಿ ಹೇಳುವ ಪವರ್ 165 ಎಚ್‌ಪಿ. ಇದು ಸಮುದ್ರಮಟ್ಟದ ಮಾತು. 1,500 ಮೀಟರ್‌ನಲ್ಲಿ ಅದು 140ರ ಆಸುಪಾಸಿಗೆ ಇಳಿಯುತ್ತದೆ. 2,400 ಮೀಟರ್‌ನಲ್ಲಿ 130 ಹತ್ತಿರ. 3,000 ಮೀಟರ್ ಮುಟ್ಟಿದಾಗ ನಿಮ್ಮ ಕೈಯಲ್ಲಿ ಉಳಿಯುವುದು ಸುಮಾರು 120. ದುಡ್ಡು ಕೊಟ್ಟದ್ದು 165ಕ್ಕೆ! ಚಳಿ ತೀರಾ ಜಾಸ್ತಿ ಇದ್ದ ದಿನ ಗಾಳಿ ಸ್ವಲ್ಪ ದಟ್ಟವಾಗಿರುತ್ತದೆ, ಹಾಗಾಗಿ ನಾಲ್ಕೈದು ಎಚ್‌ಪಿ ವಾಪಸ್ ಬರಬಹುದು. ಅಷ್ಟೇ.

ಟರ್ಬೊ ಬಂದದ್ದೇ ಈ ಕೊರತೆ ತುಂಬಲು. ಸ್ಕೀ-ಡೂ 2020ರ ಮಾಡೆಲ್‌ನಲ್ಲಿ ಫ್ಯಾಕ್ಟರಿಯಲ್ಲೇ ಟರ್ಬೊ ಕೂರಿಸಿದ ಟೂ-ಸ್ಟ್ರೋಕ್ ತಂದಿತು. ಅದರ ಭರವಸೆ ಸರಳವಾಗಿತ್ತು: 8,000 ಅಡಿ, ಅಂದರೆ ಸುಮಾರು 2,440 ಮೀಟರ್‌ವರೆಗೆ 165 ಎಚ್‌ಪಿ ಹಾಗೇ ಉಳಿಯುತ್ತದೆ. ಆಮೇಲೆ ಬಂದ ಟರ್ಬೊ ಆರ್‌ಗೆ ಕಂಪನಿ 180 ಎಚ್‌ಪಿ ಎನ್ನುತ್ತದೆ. ಲಿಂಕ್ಸ್ ಶ್ರೆಡರ್‌ನಲ್ಲೂ ಇದೇ ಎಂಜಿನ್ ಸಿಗುತ್ತದೆ.

ಪೊಲಾರಿಸ್ ತನ್ನ ಎಂಜಿನ್‌ಗಳಿಗೆ ಎಚ್‌ಪಿ ಅಂಕಿ ಪ್ರಕಟಿಸುವುದಿಲ್ಲ. ಇದು ಹೊಸಬರನ್ನು ತುಂಬಾ ಗೊಂದಲಕ್ಕೆ ಹಾಕುತ್ತದೆ. ಅದರ ಮೂಲ ಎಂಜಿನ್ ಪೇಟ್ರಿಯಟ್ 850, ನಿಜವಾದ ಅಳತೆ 840 ಸಿಸಿ. ಅದರ ಮೇಲೆ 2022ರ ಮಾಡೆಲ್‌ನಲ್ಲಿ ಬಂದ ಟರ್ಬೊ ಎಂಜಿನ್ ಪೇಟ್ರಿಯಟ್ ಬೂಸ್ಟ್. 850ಕ್ಕೆ ಹೋಲಿಸಿದರೆ ಬೂಸ್ಟ್ ಸಮುದ್ರಮಟ್ಟದಲ್ಲಿ ಶೇಕಡಾ 10, 10,000 ಅಡಿಯಲ್ಲಿ ಶೇಕಡಾ 50 ಜಾಸ್ತಿ ಪವರ್ ಕೊಡುತ್ತದೆ ಎಂದು ಕಂಪನಿ ಹೇಳಿತು. ಮೇಲಿನ ಲೆಕ್ಕ ಮಾಡಿದವರಿಗೆ ಈ 50 ಆಶ್ಚರ್ಯ ತರುವುದಿಲ್ಲ. ಟರ್ಬೊ ಇಲ್ಲದ 850 ಅಷ್ಟು ಎತ್ತರದಲ್ಲಿ ಶೇಕಡಾ 30ರಷ್ಟು ಕಳೆದುಕೊಂಡಿರುತ್ತದೆ, ಟರ್ಬೊ ಅದನ್ನು ತುಂಬಿ ಮೇಲೆ ಸ್ವಲ್ಪ ಸೇರಿಸುತ್ತದೆ. ನಡುವೆ 2023ರಲ್ಲಿ ಬಂದ ಪೇಟ್ರಿಯಟ್ 9ಆರ್ ಇದೆ. ಟರ್ಬೊ ಇಲ್ಲ, ಅಳತೆ 850ಕ್ಕಿಂತ ದೊಡ್ಡದು. ಟರ್ಬೊದ ತೂಕ ಬೇಡ, ಆದರೆ 850 ಸಾಲದು ಎನ್ನುವವರಿಗೆ ಅದು.

ಆರ್ಕ್ಟಿಕ್ ಕ್ಯಾಟ್‌ನದು 858 ಸಿಸಿ. 2025ರ ಮಾಡೆಲ್‌ನಲ್ಲಿ ಅದು ಕ್ಯಾಟಲಿಸ್ಟ್ ಎಂಬ ಹೊಸ ಚಾಸಿಗೆ, ಅಂದರೆ ಗಾಡಿಯ ಮೂಲ ಚೌಕಟ್ಟಿಗೆ, ಬಂತು. ಟರ್ಬೊ ಇಲ್ಲ.

ನನ್ನ ಅಭಿಪ್ರಾಯ ಇಷ್ಟು. 1,500 ಮೀಟರ್ ಒಳಗೆ ಓಡಿಸುವವರು ಟರ್ಬೊ ಬಗ್ಗೆ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. 2,500 ಮೀಟರ್ ಮೇಲೆ ಹೆಚ್ಚು ಹೊತ್ತು ಇರುವ, ಆಗಲೇ ಒಂದೆರಡು ಸೀಸನ್ ಓಡಿಸಿ ಪಳಗಿದವರಿಗೆ ಟರ್ಬೊ ದುಡ್ಡಿಗೆ ತಕ್ಕ ವಸ್ತು. ಮೊದಲ ಗಾಡಿ ಕೊಳ್ಳುವವರಿಗೆ ಎಲ್ಲಿದ್ದರೂ ಬೇಡ. ಗಂಟಲಮಟ್ಟ ಹಿಮದಲ್ಲಿ ಮರದ ಕಡೆಗೆ ನುಗ್ಗುತ್ತಿರುವಾಗ ಕೈಯಲ್ಲಿ 180 ಎಚ್‌ಪಿ ಇರುವುದು ಇನ್ನೂ ಕಲಿಯುತ್ತಿರುವವರಿಗೆ ತಕ್ಕದ್ದಲ್ಲ.

ಹೆಜ್ಜೆ 3: ತೂಕದ ನಿಜವಾದ ಲೆಕ್ಕ

ಬ್ರೋಶರ್‌ನ ಡ್ರೈ ವೇಟ್ ಎಂದರೆ ಪೆಟ್ರೋಲ್, ಆಯಿಲ್, ಕೂಲೆಂಟ್ ಇಲ್ಲದ ತೂಕ. ಈ ವರ್ಗದ ಗಾಡಿಗಳು ಹೆಚ್ಚೂಕಡಿಮೆ 185ರಿಂದ 220 ಕೆಜಿ ನಡುವೆ ಬರುತ್ತವೆ. ಟ್ರ್ಯಾಕ್ (ಗಾಡಿಯನ್ನು ಮುಂದೂಡುವ ಅಗಲದ ರಬ್ಬರ್ ಪಟ್ಟಿ) ಎಷ್ಟು ಉದ್ದ, ಟರ್ಬೊ ಇದೆಯಾ, ಸ್ಟಾರ್ಟರ್ ಯಾವುದು ಎನ್ನುವುದರ ಮೇಲೆ ಬದಲಾಗುತ್ತದೆ. ಒಂದು ಮಾಡೆಲ್‌ನ ಅತಿ ಚಿಕ್ಕ ಟ್ರ್ಯಾಕ್‌ನ ತೂಕವನ್ನು ಇನ್ನೊಂದರ ಉದ್ದ ಟ್ರ್ಯಾಕ್‌ನ ತೂಕದ ಜೊತೆ ಹೋಲಿಸಬೇಡಿ. ಒಂದೇ ಉದ್ದ, ಒಂದೇ ರೀತಿಯ ಸ್ಟಾರ್ಟರ್ ಇರುವ ಮಾಡೆಲ್‌ಗಳನ್ನು ಮಾತ್ರ ಪಕ್ಕಪಕ್ಕ ಇಡಿ.

ಈಗ ಹಾಳೆಯ ಮೇಲೆ ಕೂಡಿಸೋಣ. ಡ್ರೈ ವೇಟ್ 200 ಕೆಜಿ ಎಂದುಕೊಳ್ಳಿ. ಟ್ಯಾಂಕ್ 36 ಲೀಟರ್ ಇದ್ದರೆ ಪೆಟ್ರೋಲ್ ಸುಮಾರು 27 ಕೆಜಿ. ಆಯಿಲ್, ಕೂಲೆಂಟ್ ಸೇರಿ ಇನ್ನೊಂದು 6 ಕೆಜಿ. ಸವಾರರು 80 ಕೆಜಿ. ಹೆಲ್ಮೆಟ್, ಬೂಟು, ದಪ್ಪ ಬಟ್ಟೆ, ಬೆನ್ನಿಗೆ ಹಿಮಕುಸಿತದ ಏರ್‌ಬ್ಯಾಗ್, ಸಲಿಕೆ, ನೀರು, ಊಟ ಎಲ್ಲ ಸೇರಿ 20 ಕೆಜಿ ಸುಲಭವಾಗಿ ಆಗುತ್ತದೆ. ಒಟ್ಟು 333 ಕೆಜಿ. ಏರಿನಲ್ಲಿ ಎಂಜಿನ್ ಎಳೆಯಬೇಕಾದದ್ದು ಇಷ್ಟನ್ನೂ.

2,400 ಮೀಟರ್‌ನಲ್ಲಿ ಟರ್ಬೊ ಇಲ್ಲದ ಗಾಡಿಯ 130 ಎಚ್‌ಪಿಯನ್ನು ಇದರಿಂದ ಭಾಗಿಸಿದರೆ ಕೆಜಿಗೆ 0.39 ಎಚ್‌ಪಿ. ಟರ್ಬೊ ಗಾಡಿಗೆ 10 ಕೆಜಿ ಜಾಸ್ತಿ ಹಾಕಿ, 165 ಎಚ್‌ಪಿ ಹಾಗೇ ಉಳಿಯಿತು ಎಂದಿಟ್ಟುಕೊಂಡರೆ 0.48. ಅಂದರೆ ಶೇಕಡಾ 23ರಷ್ಟು ಮುಂದೆ. ಇದು ಏರಿನಲ್ಲಿ ಮೈಗೆ ಗೊತ್ತಾಗುವಷ್ಟು ದೊಡ್ಡ ಅಂತರ.

ಇನ್ನು ಕಂಪನಿಗಳು ದೊಡ್ಡದಾಗಿ ಸಾರುವ "5 ಕೆಜಿ ಹಗುರ" ನೋಡಿ. 333ರಲ್ಲಿ 5 ಎಂದರೆ ಶೇಕಡಾ ಒಂದೂವರೆ. ಹತ್ತುವ ಶಕ್ತಿಯಲ್ಲಿ ಅದು ಕಾಣುವುದೇ ಇಲ್ಲ. ಬೆಳಗ್ಗೆ ಟ್ಯಾಂಕ್ ತುಂಬಿಸಿಕೊಂಡು ಹೊರಟು ಮಧ್ಯಾಹ್ನದ ಹೊತ್ತಿಗೆ ಅದಕ್ಕಿಂತ ಮೂರು ಪಟ್ಟು ಪೆಟ್ರೋಲ್ ಸುಟ್ಟಿರುತ್ತೀರಿ, ಅಲ್ವಾ?

ಹಾಗಂತ ತೂಕ ಮುಖ್ಯವಲ್ಲ ಎಂದು ತಿಳಿಯಬೇಡಿ. ಅದು ಬೇರೆ ಎರಡು ಕಡೆ ಕೆಲಸ ಮಾಡುತ್ತದೆ. ಗಾಡಿ ಹೂತುಹೋದಾಗ ಹಿಂಭಾಗವನ್ನು ಎತ್ತಿ ಪಕ್ಕಕ್ಕೆ ಹಾಕಬೇಕು. ಆಗ ಪ್ರತಿ ಕೆಜಿಯೂ ನಿಮ್ಮ ಸೊಂಟಕ್ಕೆ ಗೊತ್ತಾಗುತ್ತದೆ. ಇನ್ನೊಂದು ಸೈಡ್‌ಹಿಲ್, ಅಂದರೆ ಇಳಿಜಾರಿನ ಅಡ್ಡಕ್ಕೆ ಗಾಡಿಯನ್ನು ಒಂದು ಬದಿಗೆ ವಾಲಿಸಿ ಸಾಗುವುದು. ಅಲ್ಲಿ ಎಷ್ಟು ತೂಕ ಎನ್ನುವುದಕ್ಕಿಂತ ತೂಕ ಎಲ್ಲಿ ಕೂತಿದೆ ಎನ್ನುವುದು ದೊಡ್ಡದು. ತೂಕ ನಡುವೆ, ಕೆಳಗೆ ಇದ್ದರೆ ಗಾಡಿ ಸುಮ್ನೆ ವಾಲುತ್ತದೆ, ಹಾಗೇ ನಿಲ್ಲುತ್ತದೆ. ಮೂಗಿನ ಕಡೆ ಇದ್ದರೆ ತೋಳು ಸೋಲುತ್ತದೆ. ಈ ಹತ್ತು ವರ್ಷಗಳಲ್ಲಿ ಎಲ್ಲ ಕಂಪನಿಗಳೂ ಹೊಸ ಚಾಸಿ ಮಾಡುವಾಗ ಎಂಜಿನ್, ಟ್ಯಾಂಕ್, ಸವಾರರನ್ನು ನಡುವಿಗೆ ತರಲು ಒದ್ದಾಡಿರುವುದು ಇದಕ್ಕೇ. ಸ್ಕೀ-ಡೂದ ಜೆನ್ 5, ಪೊಲಾರಿಸ್‌ನ ಮ್ಯಾಟ್ರಿಕ್ಸ್, ಆರ್ಕ್ಟಿಕ್ ಕ್ಯಾಟ್‌ನ ಕ್ಯಾಟಲಿಸ್ಟ್ ಎಲ್ಲದರಲ್ಲೂ ಈ ಯೋಚನೆ ಕಾಣುತ್ತದೆ. ಇದಕ್ಕೆ ಬ್ರೋಶರ್‌ನಲ್ಲಿ ಅಂಕಿ ಇರುವುದಿಲ್ಲ. ಶೋರೂಂನಲ್ಲಿ ಗಾಡಿಯ ಪಕ್ಕ ನಿಂತು, ಹ್ಯಾಂಡಲ್ ಹಿಡಿದು ನಿಮ್ಮ ಕಡೆಗೆ ಎಳೆದು ನೋಡಿ. ಮೂರೂ ಗಾಡಿಗಳನ್ನು ಒಂದೇ ದಿನ ಎಳೆದು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಹೆಜ್ಜೆ 4: ಟ್ರ್ಯಾಕ್ ಆರಿಸಿ

ಪವರ್ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಟ್ರ್ಯಾಕ್ ಬಗ್ಗೆ ಎರಡು ನಿಮಿಷ ಮಾತಾಡುತ್ತಾರೆ. ಇದು ಉಲ್ಟಾ ಆಗಬೇಕು. ಪವರ್ ಹಿಮಕ್ಕೆ ತಲುಪುವುದೇ ಟ್ರ್ಯಾಕ್ ಮೂಲಕ.

ಉದ್ದ ಇಂಚಿನಲ್ಲಿ ಇರುತ್ತದೆ: 146, 154 ಅಥವಾ 155, 165, 175. ಉದ್ದ ಹೆಚ್ಚಾದಂತೆ ತೂಕ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ, ಗಾಡಿ ಮುಳುಗುವುದು ಕಡಿಮೆ. ಆದರೆ ಮರಗಳ ನಡುವೆ ತಿರುಗಿಸಲು ಕಷ್ಟ. 146 ಆಟಕ್ಕೆ ಚೆನ್ನ, ಜಿಗಿತಕ್ಕೆ ಚೆನ್ನ, ಆಳದ ಹಿಮದಲ್ಲಿ ಮುಳುಗುತ್ತದೆ. 175 ಏರು ಹತ್ತುವುದನ್ನೇ ಗುರಿ ಮಾಡಿಕೊಂಡವರಿಗೆ. 80 ಕೆಜಿ ಒಳಗಿನ, ಕಲಿಯುತ್ತಿರುವ ಸವಾರರಿಗೆ 154 ಅಥವಾ 155. 95 ಕೆಜಿ ದಾಟಿದವರು, ಇಲ್ಲವೇ ಆಳದ ಒಣ ಹಿಮ ಬೀಳುವ ಜಾಗದಲ್ಲಿ ಇರುವವರು 165 ನೋಡಿ. ನಡುವಿನವರು ಸ್ನೇಹಿತರ ಗಾಡಿ ಓಡಿಸಿ ತೀರ್ಮಾನಿಸಲಿ.

ಟ್ರ್ಯಾಕ್ ಮೇಲಿನ ರಬ್ಬರ್ ಹಲ್ಲುಗಳಿಗೆ ಲಗ್ ಎನ್ನುತ್ತಾರೆ. ಎರಡೂವರೆಯಿಂದ ಮೂರು ಇಂಚು ಎತ್ತರ. ಮೂರು ಇಂಚಿನದು ಪುಡಿ ಹಿಮವನ್ನು ಚೆನ್ನಾಗಿ ತೋಡುತ್ತದೆ. ಏಪ್ರಿಲ್‌ನ ಒದ್ದೆ ಹಿಮ, ಪಾರ್ಕಿಂಗ್‌ನಿಂದ ಬೆಟ್ಟದವರೆಗಿನ ಉದ್ದದ ಗಟ್ಟಿ ದಾರಿ ಇರುವವರಿಗೆ ಸ್ವಲ್ಪ ಚಿಕ್ಕ ಲಗ್ ಒಳ್ಳೆಯದು. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಎಂಜಿನ್‌ಗಳು ತಣ್ಣಗಾಗುವುದು ಟ್ರ್ಯಾಕ್ ಎರಚುವ ಹಿಮದಿಂದ. ಗಟ್ಟಿ ದಾರಿಯಲ್ಲಿ ಹಿಮ ಏಳುವುದಿಲ್ಲ, ಕೂಲೆಂಟ್ ಕಾಯುತ್ತದೆ, ಟ್ರ್ಯಾಕ್ ಜಾರುವ ಪ್ಲಾಸ್ಟಿಕ್ ಪಟ್ಟಿಯೂ ಕರಗುತ್ತದೆ. ಹಿಮವನ್ನು ಗೀರಿ ಎಬ್ಬಿಸುವ ಸ್ಕ್ರ್ಯಾಚರ್ ಎಂಬ ಕಡ್ಡಿಗಳು ಗಾಡಿಯಲ್ಲಿ ಇವೆಯಾ ನೋಡಿ. ಇಲ್ಲದಿದ್ದರೆ ಹಾಕಿಸಿ.

ಹೆಜ್ಜೆ 5: ಹಿಂದಿನ ಸಸ್ಪೆನ್ಶನ್‌ನಲ್ಲಿ ಗಾಡಿಯ ಸ್ವಭಾವ ಓದಿ

ಮೂರು ಕಂಪನಿಗಳ ಅಸಲಿ ಜಗಳ ನಡೆಯುತ್ತಿರುವುದು ಇಲ್ಲಿ.

ಸ್ಕೀ-ಡೂದ ಟಿ-ಮೋಶನ್ ಸಸ್ಪೆನ್ಶನ್ ಟ್ರ್ಯಾಕ್ ಅನ್ನು ಅಡ್ಡಕ್ಕೆ ಸ್ವಲ್ಪ ತಿರುಚಲು ಬಿಡುತ್ತದೆ. ಜೊತೆಗಿನ ಟ್ರ್ಯಾಕ್‌ನ ಅಂಚುಗಳೂ ಬಾಗುತ್ತವೆ. ಹಾಗಾಗಿ ಕಡಿಮೆ ಶ್ರಮಕ್ಕೆ ಗಾಡಿ ವಾಲುತ್ತದೆ. ಆರ್ಕ್ಟಿಕ್ ಕ್ಯಾಟ್ ಇದನ್ನೇ ಇನ್ನೂ ಮುಂದೆ ಒಯ್ದು, 2019ರ ಮಾಡೆಲ್‌ನಲ್ಲಿ ಆಲ್ಫಾ ಒನ್ ತಂದಿತು. ಸಾಮಾನ್ಯವಾಗಿ ಟ್ರ್ಯಾಕ್ ಒಳಗೆ ಎರಡು ಹಳಿ ಇರುತ್ತವೆ, ಇದರಲ್ಲಿ ನಡುವೆ ಒಂದೇ. ಆಳದ ಹಿಮದಲ್ಲಿ ಇದು ವಾಲುವ ರೀತಿ ನಿಜಕ್ಕೂ ಸೊಗಸು. ಗಟ್ಟಿ ದಾರಿಯಲ್ಲಿ ಮಾತ್ರ ಅಷ್ಟು ಸ್ಥಿರ ಅನಿಸುವುದಿಲ್ಲ.

ಪೊಲಾರಿಸ್ ಎರಡು ಹಳಿಯ ಗಟ್ಟಿ ವಿನ್ಯಾಸವನ್ನೇ ನಂಬಿದೆ. ಹ್ಯಾಂಡಲ್‌ಗೆ ಕೊಟ್ಟಷ್ಟಕ್ಕೆ ಗಾಡಿ ನೇರ ಉತ್ತರ ಕೊಡುತ್ತದೆ. ಅದರಲ್ಲೂ ಎರಡು ದಾರಿ ಇವೆ. ಪ್ರೊ ಎನ್ನುವುದು ಮೂಗು ಎತ್ತದೆ ಸ್ಥಿರವಾಗಿ ಹತ್ತುವ ಗಾಡಿ. ಖೇಯಾಸ್ ಎನ್ನುವುದು ಮೂಗು ಎತ್ತಿ, ಕುಣಿದು ಆಡುವವರಿಗೆ. ಸ್ಲ್ಯಾಶ್ ಎಂದು ಸೇರಿದ್ದರೆ ಹಿಂದಿನ ಟನಲ್ (ಟ್ರ್ಯಾಕ್ ಮೇಲಿನ ಲೋಹದ ಹೊದಿಕೆ) ಗಿಡ್ಡವಾಗಿದೆ, ಗಾಡಿ ಹಗುರವಾಗಿದೆ ಎಂದರ್ಥ. ಲಿಂಕ್ಸ್ ಕೂಡ ಗಟ್ಟಿ ಹಳಿಯ ಪಕ್ಷವೇ, ವೇಗವಾಗಿ ಒರಟಾಗಿ ಓಡಿಸುವವರಿಗೆ ಹೇಳಿಮಾಡಿಸಿದ್ದು.

ಮೊದಲ ಗಾಡಿಗೆ ನಾನು ಹೇಳುವುದು ಸಮಿಟ್ 850 ಅಥವಾ ಪ್ರೊ ಆರ್‌ಎಂಕೆ 850, ಟರ್ಬೊ ಇಲ್ಲದ್ದು. ಎರಡರಲ್ಲಿ ಯಾವುದು ಎನ್ನುವುದು ನಿಮ್ಮ ಊರಿನ ಡೀಲರ್ ಯಾರು ಎಂಬುದರ ಮೇಲೆ. ಸಣ್ಣ ಮೈಕಟ್ಟಿನವರಿಗೆ ವಾಲಿಸಲು ಸಮಿಟ್ ಸ್ವಲ್ಪ ಸುಲಭ.

ಹೆಜ್ಜೆ 6: ಹೊಸ ಫೀಚರ್‌ಗಳಲ್ಲಿ ಕಾಳು ಯಾವುದು

ದೊಡ್ಡ ಪರದೆಗಳು ಎಲ್ಲ ಕಡೆ ಬಂದಿವೆ. ಪೊಲಾರಿಸ್‌ನ 7ಎಸ್ 7 ಇಂಚು, ಸ್ಕೀ-ಡೂದ್ದು 10.25 ಇಂಚಿನವರೆಗೆ. ಮ್ಯಾಪ್, ಜೊತೆಗಾರರು ಎಲ್ಲಿದ್ದಾರೆ ಎಂದು ತೋರಿಸುವುದು ಉಪಯೋಗದ ವಿಷಯವೇ. ಆದರೆ ಅದನ್ನೇ ನಂಬಿ ಹೋಗಬೇಡಿ. ಸಿಗ್ನಲ್ ಇಲ್ಲದ ಜಾಗಕ್ಕೆ ರೇಡಿಯೊ, ಸ್ಯಾಟಲೈಟ್ ಮೆಸೆಂಜರ್ ಬೇಕೇ ಬೇಕು. ದುಡ್ಡು ಸೀಮಿತವಾಗಿದ್ದರೆ ಪರದೆ ಬಿಟ್ಟು ಇವನ್ನು ಕೊಳ್ಳಿ.

ಸ್ಕೀ-ಡೂದ ಶಾಟ್ ಸ್ಟಾರ್ಟರ್ ನನಗೆ ತುಂಬಾ ಮೆಚ್ಚುಗೆಯಾದ ಫೀಚರ್. ಬೆಳಗ್ಗೆ ಒಮ್ಮೆ ಹಗ್ಗ ಎಳೆದು ಸ್ಟಾರ್ಟ್ ಮಾಡುತ್ತೀರಿ. ಎಂಜಿನ್ ಓಡುವಾಗ ಅಲ್ಟ್ರಾಕೆಪಾಸಿಟರ್ ಎಂಬ, ವಿದ್ಯುತ್ ಕೂಡಿಡುವ ಭಾಗವೊಂದು ತುಂಬಿಕೊಳ್ಳುತ್ತದೆ. ಆಮೇಲೆ ನಿಲ್ಲಿಸಿದ ಅರ್ಧ ಗಂಟೆಯೊಳಗೆ ಗುಂಡಿ ಒತ್ತಿದರೆ ಸ್ಟಾರ್ಟ್. ಭಾರದ ಬ್ಯಾಟರಿ ಬೇಡ. ಇಳಿಜಾರಿನಲ್ಲಿ ಅಡ್ಡಡ್ಡ ಸಿಕ್ಕಿಕೊಂಡು, ಹಗ್ಗ ಎಳೆಯಲು ಕಾಲು ಊರಲೂ ಜಾಗವಿಲ್ಲದಾಗ ಇದರ ಬೆಲೆ ತಿಳಿಯುತ್ತದೆ.

ಪೊಲಾರಿಸ್ ಮತ್ತು ಕ್ಯಾಟಲಿಸ್ಟ್ ಗಾಡಿಗಳಲ್ಲಿ ಟ್ರ್ಯಾಕ್‌ಗೆ ಬಲ ತಲುಪಿಸಲು ಚೈನ್ ಬದಲು ಬೆಲ್ಟ್ ಡ್ರೈವ್ ಇದೆ. ಹಗುರ, ಆಯಿಲ್ ಬದಲಿಸುವ ಕೆಲಸ ಇಲ್ಲ. ಸ್ಕೀ-ಡೂ ಚೈನ್‌ಕೇಸ್ ಉಳಿಸಿಕೊಂಡಿದೆ, ಗೇರಿಂಗ್ ಬದಲಿಸಬೇಕೆಂದರೆ ಅದು ಸುಲಭ. ಹೆಚ್ಚಿನವರಿಗೆ ಇದು ತೀರ್ಮಾನ ಬದಲಿಸುವ ವಿಷಯವಲ್ಲ.

ಹೆಜ್ಜೆ 7: ಡೀಲರ್, ಬಿಡಿಭಾಗ, ಕಂಪನಿಯ ಸ್ಥಿತಿ

ಫೆಬ್ರವರಿಯಲ್ಲಿ ಒಂದು ಭಾಗ ಮುರಿದು ಮೂರು ವಾರ ಕಾದರೆ ಸೀಸನ್ ಮುಗಿಯಿತು. ಹಾಗಾಗಿ ಒಂದು ಗಂಟೆಯ ದಾರಿಯೊಳಗೆ ಒಳ್ಳೆಯ ಡೀಲರ್ ಇರುವ ಬ್ರ್ಯಾಂಡ್‌ಗೆ ನಾನು ಜಾಸ್ತಿ ಅಂಕ ಕೊಡುತ್ತೇನೆ. ಆರ್ಕ್ಟಿಕ್ ಕ್ಯಾಟ್ ಮೇಲೆ ಮನಸ್ಸಿದ್ದರೆ ಒಂದು ವಿಷಯ ತಿಳಿದಿರಲಿ. ಆಗಿನ ಒಡೆಯರಾದ ಟೆಕ್ಸ್‌ಟ್ರಾನ್ 2024ರ ಕೊನೆಯಲ್ಲಿ ತಯಾರಿಕೆ ನಿಲ್ಲಿಸುವ ಮಾತು ಹೇಳಿತು. 2025ರಲ್ಲಿ ಕಂಪನಿಯ ಮಾಜಿ ಅಧಿಕಾರಿಯೊಬ್ಬರ ನೇತೃತ್ವದ ಹೊಸ ಸಂಸ್ಥೆಗೆ ಅದು ಮಾರಾಟವಾಯಿತು. ಗಾಡಿ ಚೆನ್ನಾಗಿದೆ. ಬಿಡಿಭಾಗ, ವಾರಂಟಿ ಬಗ್ಗೆ ಡೀಲರ್ ಹತ್ತಿರ ಬರಹದಲ್ಲಿ ಕೇಳಿ ಪಡೆಯಿರಿ.

ಬೆಲೆ, ಸಮಯ, ಮೊದಲ ದಿನಗಳು

ಟರ್ಬೊ ಇರುವ ಮೇಲ್ದರ್ಜೆ ಮಾಡೆಲ್‌ಗಳು ಅಮೆರಿಕದಲ್ಲಿ 20,000 ಡಾಲರ್ ಆಸುಪಾಸು. ಅದರ ಜೊತೆಗೆ ಹಿಮಕುಸಿತದ ಸಾಮಾನು ಪಟ್ಟಿಯ ಮೊದಲೇ ಇರಲಿ: ಟ್ರಾನ್ಸೀವರ್ (ಹಿಮದಲ್ಲಿ ಹೂತವರನ್ನು ಪತ್ತೆ ಮಾಡುವ ರೇಡಿಯೊ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಕೋಲು), ಸಲಿಕೆ ಪ್ರತಿಯೊಬ್ಬರ ಮೈಮೇಲೆ, ಸಾಧ್ಯವಾದರೆ ಏರ್‌ಬ್ಯಾಗ್. ಗಾಡಿ ಹೂತಾಗ ಸಲಿಕೆ ಗಾಡಿಯೊಳಗೆ ಇದ್ದರೆ ಪ್ರಯೋಜನವಿಲ್ಲ, ಬೆನ್ನ ಮೇಲಿರಬೇಕು. ಕೆನಡಾದಲ್ಲಿ ಎಎಸ್‌ಟಿ 1 ಎಂಬ ಎರಡು ದಿನದ ಹಿಮಕುಸಿತ ಸುರಕ್ಷತೆಯ ತರಬೇತಿ ಇದೆ, ಸ್ನೋಮೊಬೈಲ್ ಸವಾರರಿಗೆಂದೇ ನಡೆಸುವವರೂ ಇದ್ದಾರೆ. ಹೊರಡುವ ದಿನ ಬೆಳಗ್ಗೆ ಅವಲಾಂಚ್ ಕೆನಡಾ ಅಥವಾ ನಿಮ್ಮ ರಾಜ್ಯದ ಹಿಮಕುಸಿತ ಕೇಂದ್ರದ ಮುನ್ಸೂಚನೆ ಓದಿ. ಪವರ್ ಜಾಸ್ತಿ ಇರುವ ಗಾಡಿ ನಿಮ್ಮನ್ನು ಇನ್ನೂ ಕಡಿದಾದ ಇಳಿಜಾರಿಗೆ ಒಯ್ಯುತ್ತದೆ. ಹಾಗಾಗಿ ಎಂಜಿನ್ ದೊಡ್ಡದಾದಷ್ಟೂ ಈ ತರಬೇತಿ ಹೆಚ್ಚು ಬೇಕು.

ದುಡ್ಡು ಉಳಿಸಬೇಕೆಂದರೆ ಎರಡು ಮೂರು ಸೀಸನ್ ಹಳೆಯ 850 ನೋಡಿ. ಎರಡೂ ಸಿಲಿಂಡರ್‌ಗಳ ಕಂಪ್ರೆಶನ್ ಅಳೆಸಿ, ಹೆಚ್ಚೂಕಡಿಮೆ ಸಮ ಇರಬೇಕು. ಟನಲ್ ಬಾಗಿದೆಯಾ, ಟ್ರ್ಯಾಕ್ ಲಗ್ ಹರಿದಿವೆಯಾ ನೋಡಿ. ಬೇರೆಯವರು ಹೊರಗಿನಿಂದ ಟರ್ಬೊ ಕೂರಿಸಿದ ಗಾಡಿಯಿಂದ ಹೊಸಬರು ದೂರ ಇರಿ.

ಹೊಸದು ಬೇಕೆಂದರೆ ವಸಂತದ ಮುಂಗಡ ಬುಕಿಂಗ್ ನೆನಪಿಡಿ. ಮುಂದಿನ ಚಳಿಗಾಲದ ಮಾಡೆಲ್‌ಗಳನ್ನು ಕಂಪನಿಗಳು ಫೆಬ್ರವರಿ, ಮಾರ್ಚ್ ಹೊತ್ತಿಗೇ ತೋರಿಸುತ್ತವೆ. ಬುಕಿಂಗ್ ಕೆಲವು ವಾರ ಮಾತ್ರ ತೆರೆದಿರುತ್ತದೆ. ಕೆಲವು ಎಂಜಿನ್, ಟ್ರ್ಯಾಕ್, ಬಣ್ಣದ ಜೋಡಿಗಳು ಆಗ ಬಿಟ್ಟರೆ ಮತ್ತೆ ಸಿಗುವುದಿಲ್ಲ. ಡೆಮೊ ಸವಾರಿಗಳೂ ಆಗಲೇ ನಡೆಯುತ್ತವೆ.

ಗಾಡಿ ಕೈಗೆ ಬಂದ ಮೇಲೆ ಮ್ಯಾನುವಲ್‌ನ ಬ್ರೇಕ್-ಇನ್ (ಹೊಸ ಎಂಜಿನ್ ಪಳಗಿಸುವ) ಭಾಗ ಓದಿ, ಹಾಗೇ ನಡೆಸಿ. ಟರ್ಬೊಗೆ ಕಂಪನಿ ಹೇಳಿದ ಆಕ್ಟೇನ್‌ನ ಪೆಟ್ರೋಲನ್ನೇ ಹಾಕಿ. ಹೊಸ ಡ್ರೈವ್ ಬೆಲ್ಟ್‌ಗೂ (ಎಂಜಿನ್‌ನ ಬಲವನ್ನು ಎರಡು ಕ್ಲಚ್‌ಗಳ ನಡುವೆ ಸಾಗಿಸುವ, ಎಲ್ಲ ಗಾಡಿಯಲ್ಲೂ ಇರುವ ಬೆಲ್ಟ್) ಮೊದಲ 50 ಕಿಲೊಮೀಟರ್ ಮೆತ್ತಗೆ ಓಡಿಸುವುದು ಬೇಕು. ಒಂದು ಹೆಚ್ಚಿನ ಬೆಲ್ಟ್ ಅನ್ನು ಯಾವಾಗಲೂ ಗಾಡಿಯಲ್ಲಿ ಇಟ್ಟುಕೊಳ್ಳಿ. ಅದನ್ನು ಬದಲಿಸುವುದನ್ನು ಮನೆಯ ಗ್ಯಾರೇಜ್‌ನಲ್ಲೇ ಒಮ್ಮೆ, ಕೈಗವಸು ಹಾಕಿಕೊಂಡು, ಮಾಡಿ ನೋಡಿ.